ಹಿತ್ತಲ ಗಿಡವೇ ಮದ್ದಾದಾಗ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ತಾವೆಲ್ಲರೂ ಕೇಳಿದ್ದೀರಿ. ಹತ್ತಿರವಿರುವುದಕ್ಕೆ ಬೆಲೆಯಿಲ್ಲ ಎಂಬುದು ಅದರ ತಾತ್ಪರ್ಯ. ಆದರೆ ಈ ಗಾದೆ ಸುಳ್ಳಾಗುವ ಒಂದು ಜಾಗ ಉಂಟು. ಅದು ವೈದ್ಯಕೀಯ ವಿದ್ಯಾರ್ಥಿಗಳ ಕೊಠಡಿ. ಅಲ್ಲಿ ಹಿತ್ತಲ ಗಿಡವೇ ಮದ್ದು. ವೈದ್ಯರಾಗಲು, ದಾದಿಯರಾಗಲು, ಔಷಧ ವಿತರಕರಾಗಲು ಓದುತ್ತಿರುವ ಹುಡುಗ ಹುಡುಗಿಯರು ತಮಗೆ ಜ್ವರ ಬಂದರೆ, ತಲೆ ನೊಂದರೆ, ನಿದ್ರೆ ಬಾರದಿದ್ದರೆ, ಇನ್ನೊಬ್ಬರನ್ನು ಕೇಳದೆ ತಾವೇ ಮಾತ್ರೆ ಆರಿಸಿ ನುಂಗುವ ರೂಢಿಯನ್ನು ಕುರಿತು ಇಂದು ನಾಲ್ಕು ಮಾತು ಆಡಬೇಕೆಂದಿದ್ದೇನೆ. ಈ ರೂಢಿ ಇಂದಿನದೇನೂ ಅಲ್ಲ. ಅದಕ್ಕೆ ಇನ್ನೂರು ವರ್ಷಗಳಿಗೂ ಮೀರಿದ ಚರಿತ್ರೆಯಿದೆ.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ವಿಷಯದಲ್ಲಿ ಏನು ಅಧಿಕಾರ ಎಂದು ತಾವು ಕೇಳಬಹುದು. ಮಂಗರಾಜನ ‘ಖಗೇಂದ್ರಮಣಿದರ್ಪಣ’ವನ್ನು ಓದುವಾಗ ವಿಷಗಳ ಹೆಸರಿಗೂ ಮೂಲಿಕೆಗಳ ಹೆಸರಿಗೂ ನಿಘಂಟಿನಲ್ಲಿ ಅರ್ಥ ಹುಡುಕಿದ್ದನ್ನು ಬಿಟ್ಟರೆ ನನಗೆ ವೈದ್ಯದ ಗಂಧವಿಲ್ಲ. ಅಧಿಕಾರವಿಲ್ಲ, ಒಂದು ನೆನಪಿದೆ.

1981ರ ಮಾತು. ನಾನು ಎಂ.ಎ. ಓದುತ್ತ ಒಂದು ವಠಾರದ ಕೊಠಡಿಯಲ್ಲಿದ್ದೆ. ಪಕ್ಕದ ಕೊಠಡಿಯಲ್ಲಿ ವೈದ್ಯಕೀಯ ವಿದ್ಯಾರ್ಥಿಯೊಬ್ಬನಿದ್ದ. ಔಷಧಶಾಸ್ತ್ರದ ಪರೀಕ್ಷೆಯನ್ನು ಆಗತಾನೇ ಒಳ್ಳೆಯ ಅಂಕಗಳೊಡನೆ ಮುಗಿಸಿದ್ದ. ವಠಾರಕ್ಕೆಲ್ಲ ಅವನೇ ಧನ್ವಂತರಿ. ಬಾಡಿಗೆ ಕೇಳಲು ಬಂದ ಮನೆಯೊಡತಿ ಕೆಮ್ಮಿಗೆ ಮಾತ್ರೆ ಪಡೆದು, ಬಾಡಿಗೆ ಮರೆತು ಹೋದದ್ದೂ ಉಂಟು. ಅವನಿಗೆ ಓದಿನ ದಿನಗಳಲ್ಲಿ ತಲೆನೋವು ಬರುತ್ತಿತ್ತು. ಬೆಳಗ್ಗೆ ಬರಿಯ ಹೊಟ್ಟೆಯಲ್ಲಿ ಕಾಫಿಯೊಡನೆ ಎರಡು ಆಸ್ಪಿರಿನ್, ರಾತ್ರಿ ಮತ್ತೆರಡು. ಹೀಗೆ ತಿಂಗಳುಗಳು ಕಳೆದವು. ಕೆಲವು ಕಾಲದ ಮೇಲೆ ಸುಸ್ತು ತೋರಿತು, ಮುಖ ಬಿಳುಪೇರಿತು. ಕನ್ನಡಿಯಲ್ಲಿ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿಕೊಂಡು, “ರಕ್ತ ಕಡಿಮೆಯಾಗಿದೆ ಮಾರಾಯ, ಹೋಟೆಲು ಊಟದ ಫಲ” ಎಂದು ತಾನೇ ತೀರ್ಮಾನಿಸಿ ಕಬ್ಬಿಣದ ಟಾನಿಕ್ ಕುಡಿಯತೊಡಗಿದ. ಅದಾದ ಮೇಲೆ ಮಲ ಕಪ್ಪಾಯಿತು. ಕಬ್ಬಿಣ ಸೇವಿಸಿದವರಿಗೆ ಮಲ ಕಪ್ಪಾಗುವುದು ಸಹಜವೆಂದು ಪುಸ್ತಕದಲ್ಲಿದೆ. ಅದನ್ನು ನನಗೂ ನಗುತ್ತ ವಿವರಿಸಿದ. ಹೊಟ್ಟೆಯೊಳಗೆ ರಕ್ತ ಸೋರಿದರೂ ಮಲ ಕಪ್ಪಾಗುತ್ತದೆ ಎಂಬುದು ಅದೇ ಪುಸ್ತಕದ ಇನ್ನೊಂದು ಅಧ್ಯಾಯದಲ್ಲಿತ್ತು. ಅದನ್ನೂ ಅವನು ಓದಿದ್ದ. ಒಂದು ಮುಂಜಾನೆ ನಲ್ಲಿಯ ಬಳಿ ಕುಸಿದುಬಿದ್ದ. ನಾವು ಮೂವರು ಅವನನ್ನು ಆಟೋರಿಕ್ಷಾದಲ್ಲಿ ಅಡ್ಡಡ್ಡ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದೆವು. ಆಸ್ಪಿರಿನ್ ಜಠರದಲ್ಲಿ ಹುಣ್ಣು ಮಾಡಿತ್ತು. ಹುಣ್ಣು ವಾರಗಟ್ಟಲೆ ರಕ್ತ ಸೋರಿಸಿತ್ತು. ಸೋರಿಕೆ ಸುಸ್ತನ್ನು ತಂದಿತ್ತು. ಸುಸ್ತಿಗೆ ತಾನೇ ಬರೆದುಕೊಂಡ ಟಾನಿಕ್ಕು ಆ ಸೋರಿಕೆಯನ್ನು ಅವನ ಕಣ್ಣಿನಿಂದಲೇ ಮರೆಮಾಡಿತ್ತು.

ಎರಡು ಬಾಟಲಿ ರಕ್ತ ಏರಿದ ಮೇಲೆ ಹಿರಿಯ ವೈದ್ಯರೊಬ್ಬರು ಹಾಸಿಗೆಯ ಪಕ್ಕ ನಿಂತು, “ಇಷ್ಟು ದಿನ ನಿನ್ನನ್ನು ನೋಡುತ್ತಿದ್ದವರು ಯಾರು?” ಎಂದು ಕೇಳಿದರು. ಅವನು ಮೆಲ್ಲನೆ, “ನಾನೇ ಸಾರ್” ಎಂದ.

ಆ “ನಾನೇ” ಎಂಬ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಏನೂ ಅರಿಯದ ಮನೆಯೊಡತಿಯಾಗಿದ್ದರೆ ಕಪ್ಪು ಮಲ ಕಂಡ ದಿನವೇ ಹೆದರಿ ವೈದ್ಯರ ಬಳಿಗೆ ಓಡುತ್ತಿದ್ದಳು. ಇವನಿಗೆ ಹೆದರಿಕೆಯಿರಲಿಲ್ಲ, ಏಕೆಂದರೆ ಕಾರಣ ಗೊತ್ತಿತ್ತು. ಅವನನ್ನು ಅಪಾಯಕ್ಕೆ ಒಯ್ದದ್ದು ಅಜ್ಞಾನವಲ್ಲ, ತಿಳಿವಳಿಕೆ. ಇಂಥವರು ಹಿಂದೆಯೂ ಇದ್ದರೇ ಎಂದು ಅಂದಿನಿಂದ ಬಿಡುವಾದಾಗಲೆಲ್ಲ ಹುಡುಕುತ್ತ ಬಂದಿದ್ದೇನೆ.

ಸಾಹಿತ್ಯದ ವಿದ್ಯಾರ್ಥಿಗೆ ಮೊದಲು ನೆನಪಾಗುವವನು ಇಂಗ್ಲಿಷ್ ಕವಿ ಜಾನ್ ಕೀಟ್ಸ್. ಅವನು ಕವಿಯಾಗುವುದಕ್ಕೆ ಮುನ್ನ ವೈದ್ಯವಿದ್ಯಾರ್ಥಿಯಾಗಿದ್ದನೆಂಬುದನ್ನು ನಾವು ಪಾಠದ ಆರಂಭದಲ್ಲಿ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತೇವೆ. ಎಡ್ಮಂಟನ್ನಿನಲ್ಲಿ ಥಾಮಸ್ ಹ್ಯಾಮಂಡ್ ಎಂಬ ವೈದ್ಯನ ಬಳಿ ಶಿಷ್ಯನಾಗಿ, 1815ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯನ್ನು ಸೇರಿ, 1816ರ ಜುಲೈಯಲ್ಲಿ ಔಷಧ ಕೊಡುವ ಪರವಾನಗಿ ಪಡೆದವನು ಅವನು. ಮರುವರ್ಷ ತನಗೆ ಬಂದ ಯಾವುದೋ ಕಾಯಿಲೆಗೆ ಪಾದರಸ ಸೇವಿಸುತ್ತಿದ್ದುದನ್ನು ಗೆಳೆಯನಿಗೆ ಬರೆದ ಕಾಗದದಲ್ಲಿ ಹೇಳಿಕೊಂಡಿದ್ದಾನೆ. ಮುಂದೆ ಅಫೀಮಿನ ಅರಕವಾದ ಲಾಡನಮ್ಮನ್ನು ಗುಟ್ಟಾಗಿ ತೆಗೆದುಕೊಳ್ಳುತ್ತಿದ್ದುದು ಜೊತೆಗಿದ್ದ ಚಾರ್ಲ್ಸ್ ಬ್ರೌನನಿಗೆ ಗೊತ್ತಾಗಿ, ಇನ್ನು ಮೇಲೆ ತನಗೆ ತಿಳಿಸದೆ ತೊಟ್ಟನ್ನೂ ಮುಟ್ಟಕೂಡದೆಂದು ಮಾತು ತೆಗೆದುಕೊಂಡ. 1820ರ ಫೆಬ್ರವರಿ 3ರ ರಾತ್ರಿ ಕೆಮ್ಮಿದಾಗ ಬಿದ್ದ ರಕ್ತದ ತೊಟ್ಟನ್ನು ಕೀಟ್ಸ್ ಮೇಣದಬತ್ತಿಯ ಬೆಳಕಿನಲ್ಲಿ ನೋಡಿದ. ಅದರ ಕೆಂಪಿನಿಂದಲೇ ಅದು ಅಪಧಮನಿಯ ರಕ್ತವೆಂದೂ ತನಗೆ ಸಾವು ಬಂದಿತೆಂದೂ ತಿಳಿದ. ತಾಯಿಯನ್ನೂ ತಮ್ಮನನ್ನೂ ಕ್ಷಯಕ್ಕೆ ಕಳೆದುಕೊಂಡವನಿಗೆ ಆ ಬಣ್ಣದ ಗುರುತು ತಪ್ಪುವಂತಿರಲಿಲ್ಲ. ಕಲಿತ ವಿದ್ಯೆ ಅವನಿಗೆ ರೋಗವನ್ನು ತೋರಿಸಿಕೊಟ್ಟಿತು, ಗುಣಪಡಿಸಲಿಲ್ಲ. ಆ ಕಾಲದ ಯಾವ ವೈದ್ಯನೂ ಗುಣಪಡಿಸಲಾರನಾಗಿದ್ದ ಎನ್ನುವುದು ಬೇರೆಯ ಮಾತು.

ಕೀಟ್ಸನಿಗಿಂತ ಹದಿನೆಂಟು ವರ್ಷ ಹಿಂದೆ, 1799ರಲ್ಲಿ, ಬ್ರಿಸ್ಟಲ್ ನಗರದಲ್ಲಿ ಇನ್ನೊಬ್ಬ ತರುಣನಿದ್ದ. ಅವನು ಹಂಫ್ರಿ ಡೇವಿ. ಮುಂದೆ ರಸಾಯನಶಾಸ್ತ್ರದಲ್ಲಿ ಜಗತ್ಪ್ರಸಿದ್ಧನಾದವನು. ಪೆನ್ಜಾನ್ಸ್ ಎಂಬ ಊರಿನಲ್ಲಿ ಶಸ್ತ್ರವೈದ್ಯನ ಬಳಿ ಕಲಿಯುತ್ತಿದ್ದವನು ಅದನ್ನು ಅರ್ಧಕ್ಕೆ ಬಿಟ್ಟು, ಡಾಕ್ಟರ್ ಬೆಡೋಸ್ ನಡೆಸುತ್ತಿದ್ದ ಸಂಸ್ಥೆಗೆ ಬಂದಿದ್ದ. ಅನಿಲಗಳನ್ನು ಉಸಿರಾಡಿಸಿ ರೋಗ ವಾಸಿಮಾಡಬಹುದೇ ಎಂದು ನೋಡುವುದು ಅಲ್ಲಿಯ ಕೆಲಸ. ಡೇವಿ ನೈಟ್ರಸ್ ಆಕ್ಸೈಡನ್ನು ರೇಷ್ಮೆಯ ಚೀಲದಲ್ಲಿ ತುಂಬಿಸಿ ತಾನೇ ಉಸಿರಾಡಿದ. ನಗು ಬಂತು, ಕುಣಿದಾಡಿದ. ಕವಿಗಳಾದ ಸದೆ, ಕೋಲ್‌ರಿಜ್ ಮೊದಲಾದವರೂ ಬಂದು ಆ ಚೀಲಕ್ಕೆ ಬಾಯಿಟ್ಟರು. ಇದು ಎಲ್ಲರೂ ಬಲ್ಲ ಕಥೆ. ನನ್ನ ಗಮನ ಸೆಳೆದದ್ದು ಅದೇ ಕಥೆಯ ಒಂದು ಮೂಲೆ. ಡೇವಿಗೆ ಕಡೆಹಲ್ಲು ಮೂಡುವಾಗ ಒಸಡು ಬಾತು ವಿಪರೀತ ನೋವಾಯಿತು. ಆ ನೋವಿಗೆ ಅವನು ಅದೇ ಅನಿಲವನ್ನು ಮದ್ದು ಮಾಡಿಕೊಂಡ. ನಾಲ್ಕೈದು ಉಸಿರಿಗೆ ನೋವು ಮಾಯವಾಯಿತು. ಅನಿಲದ ಅಮಲು ಇಳಿದ ಮೇಲೆ ಮರಳಿ ಬಂತು, ಮೊದಲಿಗಿಂತ ಹೆಚ್ಚಾಯಿತೇನೋ ಎಂದೂ ಅವನಿಗೆ ಅನ್ನಿಸಿತು. ಇದನ್ನೆಲ್ಲ ಪ್ರಾಮಾಣಿಕವಾಗಿ ಬರೆದಿಟ್ಟು, 1800ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ, ಶಸ್ತ್ರಚಿಕಿತ್ಸೆಯ ನೋವನ್ನು ನೀಗಲು ಈ ಅನಿಲ ಉಪಯೋಗವಾಗಬಹುದೆಂದು ಸೂಚಿಸಿದ. ಆ ಸೂಚನೆಯನ್ನು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಯಾರೂ ಎತ್ತಿಕೊಳ್ಳಲಿಲ್ಲ. ಅವನೂ ಎತ್ತಿಕೊಳ್ಳಲಿಲ್ಲ, ಕೆಲವು ವಾರಗಳಲ್ಲಿ ದಿನಕ್ಕೆ ಮೂರು ನಾಲ್ಕು ಬಾರಿ ಆ ಅನಿಲವನ್ನು ಸುಮ್ಮನೆ ಉಸಿರಾಡುತ್ತಿದ್ದ. ನೋವಿಗೆಂದು ತೆಗೆದುಕೊಂಡದ್ದು ಯಾವಾಗ ಚಪಲವಾಯಿತು ಎಂಬ ಗೆರೆಯನ್ನು ಅವನ ಟಿಪ್ಪಣಿಗಳಲ್ಲಿ ಗುರುತಿಸುವುದು ಕಷ್ಟ.

ಈ ಗೆರೆ ಅಳಿಸಿಹೋದದ್ದರ ಬೆಲೆ ಎಷ್ಟೆಂಬುದನ್ನು ತಿಳಿಯಲು 1884ಕ್ಕೆ, ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಗೆ ಬರಬೇಕು. ಅಲ್ಲಿ ಇಪ್ಪತ್ತಾರು ಇಪ್ಪತ್ತೆಂಟರ ವಯಸ್ಸಿನ ಇಬ್ಬರು ಗೆಳೆಯರು ಕಿರಿಯ ವೈದ್ಯರಾಗಿ ತರಬೇತಿಯಲ್ಲಿದ್ದರು. ಒಬ್ಬ ಸಿಗ್ಮಂಡ್ ಫ್ರಾಯ್ಡ್, ಇನ್ನೊಬ್ಬ ಕಾರ್ಲ್ ಕೊಲ್ಲರ್. ಫ್ರಾಯ್ಡ್ ಆಗ ಬಡವ; ಮದುವೆ ನಿಶ್ಚಯವಾಗಿದ್ದರೂ ಸಂಸಾರ ಹೂಡಲು ಕಾಸಿಲ್ಲ. ಹೆಸರು ಮಾಡಬೇಕೆಂಬ ತವಕ, ಆಗಾಗ್ಗೆ ಮನಸ್ಸಿಗೆ ಕವಿಯುವ ಮಂಕು, ಅಜೀರ್ಣ, ತಲೆಶೂಲೆ. ಕೊಕೇನ್ ಎಂಬ ಹೊಸ ಪದಾರ್ಥವನ್ನು ತರಿಸಿ ಏಪ್ರಿಲ್ ಕೊನೆಯಲ್ಲಿ ಒಂದು ಗ್ರಾಮಿನ ಇಪ್ಪತ್ತನೆಯ ಒಂದು ಭಾಗವನ್ನು ನೀರಿನಲ್ಲಿ ಕಲಸಿ ಕುಡಿದ. ಮಂಕು ಹರಿಯಿತು, ಹಸಿವು ಅಡಗಿತು, ಮೈಯಲ್ಲಿ ಬಲ ಬಂದಂತಾಯಿತು. ಜುಲೈ ತಿಂಗಳಲ್ಲಿ ಕೋಕಾವನ್ನು ಕುರಿತು ಅವನ ಪ್ರಬಂಧ ಪ್ರಕಟವಾಯಿತು. ಅದು ವೈಜ್ಞಾನಿಕ ಪ್ರಬಂಧವೋ ಪ್ರೇಮಪತ್ರವೋ ಎಂದು ಓದುಗನಿಗೆ ಸಂದೇಹ ಬರುವಷ್ಟು ಉತ್ಸಾಹ ಅದರಲ್ಲಿದೆ. ತಾನು ಸೇವಿಸಿದ್ದಲ್ಲದೆ ನಿಶ್ಚಿತಾರ್ಥವಾದ ಹುಡುಗಿಗೂ ಕಳುಹಿಸಿದ. ಅಷ್ಟಕ್ಕೇ ನಿಂತಿದ್ದರೆ ಹೋಗಲಿ ಎನ್ನಬಹುದಿತ್ತು. ಅವನ ಹಿರಿಯ ಸ್ನೇಹಿತ ಫ್ಲೈಶಲ್ ಎಂಬ ಶರೀರಶಾಸ್ತ್ರಜ್ಞ, ಹೆಬ್ಬೆರಳು ಕತ್ತರಿಸಿದ್ದರ ನೋವಿಗೆ ಮಾರ್ಫಿನ್ ತೆಗೆದುಕೊಂಡು ಅದಕ್ಕೆ ದಾಸನಾಗಿದ್ದ. ಮಾರ್ಫಿನ್ ಚಟವನ್ನು ಕೊಕೇನ್ ಬಿಡಿಸುತ್ತದೆಂದು ನಂಬಿ ಫ್ರಾಯ್ಡ್ ಅವನಿಗೂ ಅದನ್ನು ಕೊಟ್ಟ. ಫ್ಲೈಶಲ್ ಎರಡಕ್ಕೂ ದಾಸನಾಗಿ 1891ರಲ್ಲಿ ತೀರಿಕೊಂಡ.

ಕೊಲ್ಲರನ ದಾರಿ ಬೇರೆ. ಅವನೂ ಕೊಕೇನನ್ನು ತನ್ನ ಮೇಲೆ ಪ್ರಯೋಗಿಸಿಕೊಂಡ. ಕಪ್ಪೆ, ಮೊಲಗಳ ಕಣ್ಣಿಗೆ ಹಾಕಿ ನೋಡಿ, ಅನಂತರ ತನ್ನ ಕಣ್ಣಿಗೇ ಹನಿಸಿಕೊಂಡು ಗುಂಡುಸೂಜಿಯ ತಲೆಯಿಂದ ಮುಟ್ಟಿದ, ಸ್ಪರ್ಶವೇ ತಿಳಿಯಲಿಲ್ಲ. 1884ರ ಸೆಪ್ಟೆಂಬರ್ 15ರಂದು ಹೈಡೆಲ್ಬರ್ಗಿನ ನೇತ್ರವೈದ್ಯರ ಸಭೆಯಲ್ಲಿ ಅದರ ವರದಿಯಾಯಿತು. ಪ್ರಯಾಣದ ವೆಚ್ಚಕ್ಕೆ ಹಣವಿಲ್ಲದೆ ಕೊಲ್ಲರನ ಪರವಾಗಿ ಇನ್ನೊಬ್ಬರು ಓದಿದರು. ಸ್ಥಳೀಯ ಅರಿವಳಿಕೆ ಹುಟ್ಟಿದ್ದು ಹಾಗೆ. ಕೊಲ್ಲರನಿಗೆ ಕಣ್ಣುನೋವಿರಲಿಲ್ಲ, ಒಂದು ಪ್ರಶ್ನೆಯಿತ್ತು, ಉತ್ತರ ಸಿಕ್ಕ ಕೂಡಲೇ ಸೀಸೆಯ ಮುಚ್ಚಳ ಹಾಕಿದ. ತನ್ನ ಮೇಲೆ ಪ್ರಯೋಗ ಮಾಡಿಕೊಳ್ಳುವುದಕ್ಕೂ ತನಗೆ ತಾನೇ ಚಿಕಿತ್ಸೆ ಮಾಡಿಕೊಳ್ಳುವುದಕ್ಕೂ ಇರುವ ಅಂತರ ಇದೇ ಇರಬೇಕು. ಆದರೆ ಆ ಅಂತರ ಕೊಲ್ಲರನಿಗೆ ದಕ್ಕಿದಂತೆ ಎಲ್ಲರಿಗೂ ದಕ್ಕಲಿಲ್ಲ.

ಹೈಡೆಲ್ಬರ್ಗಿನ ಸುದ್ದಿ ಕೆಲವೇ ವಾರಗಳಲ್ಲಿ ಅಮೆರಿಕದ ನ್ಯೂಯಾರ್ಕನ್ನು ತಲುಪಿತು. ಅಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಮೂವತ್ತೆರಡರ ಶಸ್ತ್ರವೈದ್ಯನಿದ್ದ. ಧೈರ್ಯಶಾಲಿ, ಚುರುಕುಗಾರ. 1881ರಲ್ಲಿ ಹೆರಿಗೆಯಾಗಿ ರಕ್ತಸ್ರಾವದಿಂದ ಸಾಯುತ್ತಿದ್ದ ತಂಗಿಗೆ ತನ್ನದೇ ರಕ್ತವನ್ನು ತೆಗೆದು ಏರಿಸಿ ಉಳಿಸಿದವನು. ಮರುವರ್ಷ ತಾಯಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯನ್ನು ಅಡುಗೆಮನೆಯ ಮೇಜಿನ ಮೇಲೆ ಮಾಡಿದವನು. ವಿದ್ಯಾರ್ಥಿಗಳಿಗೆ ಅವನೆಂದರೆ ಪ್ರಾಣ. ಸಂಜೆಯ ವೇಳೆ ಅವನು ನಡೆಸುತ್ತಿದ್ದ ಪಾಠಗಳಿಗೆ ಮುಗಿಬೀಳುತ್ತಿದ್ದರು. ಕೊಕೇನನ್ನು ನರದ ಬಳಿ ಚುಚ್ಚಿದರೆ ಆ ನರ ಹರಡಿದ ಭಾಗವೆಲ್ಲ ಮರಗಟ್ಟುವುದೇ ಎಂಬ ಪ್ರಶ್ನೆಯನ್ನು ಹಾಲ್‌ಸ್ಟೆಡ್, ಅವನ ಜೊತೆಗಾರ ರಿಚರ್ಡ್ ಹಾಲ್ ಮತ್ತು ವಿದ್ಯಾರ್ಥಿಗಳು ಕೈಗೆತ್ತಿಕೊಂಡರು. ರೋಗಿಗಳ ಮೇಲಲ್ಲ, ಒಬ್ಬರ ಮೇಲೊಬ್ಬರು. ದವಡೆಯ ನರಕ್ಕೆ ಚುಚ್ಚಿ ಹಲ್ಲಿನ ನೋವನ್ನು ಅಡಗಿಸುವ ವಿಧಾನ ಆ ದಿನಗಳಲ್ಲೇ ಸಿದ್ಧವಾಯಿತು. ಇಂದು ದಂತವೈದ್ಯರ ಕುರ್ಚಿಯಲ್ಲಿ ಕುಳಿತು ನೋವಿಲ್ಲದೆ ಹಲ್ಲು ಕೀಳಿಸಿಕೊಳ್ಳುವ ನಾವು ಆ ಹುಡುಗರಿಗೆ ಋಣಿಗಳು.

ಆದರೆ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೂ ಸೀಸೆಯ ಮುಚ್ಚಳ ಬೀಳಲಿಲ್ಲ. ದಣಿವಾದಾಗ ಒಂದಿಷ್ಟು, ರಾತ್ರಿಯ ಕೆಲಸವಿದ್ದಾಗ ಒಂದಿಷ್ಟು ಎಂದು ಕೊಕೇನ್ ಅವರ ದಿನಚರಿಯೊಳಗೆ ಸೇರಿಕೊಂಡಿತು. ಅದರ ಗುಣದೋಷಗಳನ್ನು ಲೋಕದಲ್ಲಿ ಅವರಿಗಿಂತ ಚೆನ್ನಾಗಿ ತಿಳಿದವರು ಆಗ ಬೆರಳೆಣಿಕೆಯಷ್ಟು ಮಂದಿ. 1885ರ ಸೆಪ್ಟೆಂಬರಿನಲ್ಲಿ ಹಾಲ್‌ಸ್ಟೆಡ್ ಈ ವಿಷಯವಾಗಿ ಬರೆದು ಪ್ರಕಟಿಸಿದ ಲೇಖನದ ಮೊದಲ ವಾಕ್ಯವನ್ನು ಓದಿದವರು ಬೆರಗಾಗುತ್ತಾರೆ. ಅದು ಉದ್ದಕ್ಕೂ ಹೊರಳುತ್ತ, ಕರ್ತೃ ಎಲ್ಲೋ ಕ್ರಿಯೆ ಎಲ್ಲೋ ಆಗಿ, ಅರ್ಥವಾಗದೆ ಮುಗಿಯುತ್ತದೆ. ವ್ಯಾಕರಣ ತಿದ್ದಿ ಬದುಕಿದ ನನಗೆ, ಒಬ್ಬ ಮೇಧಾವಿಯ ಪತನದ ಸಾಕ್ಷಿ ಅವನ ವಾಕ್ಯರಚನೆಯಲ್ಲೇ ದೊರೆತದ್ದು ಬಹಳ ದಿನ ಮನಸ್ಸನ್ನು ಕಾಡಿತು.

ಗೆಳೆಯ ವಿಲಿಯಂ ವೆಲ್ಚ್ 1886ರಲ್ಲಿ ಹಾಲ್‌ಸ್ಟೆಡ್‌ನನ್ನು ಹಡಗಿನ ಯಾತ್ರೆಗೆ ಕಳುಹಿಸಿ ಚಟ ಬಿಡಿಸಲು ನೋಡಿದ, ಫಲಿಸಲಿಲ್ಲ. ಅದೇ ವರ್ಷ ಪ್ರಾವಿಡೆನ್ಸ್ ನಗರದ ಬಟ್ಲರ್ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇರಬೇಕಾಯಿತು, ಮುಂದಿನ ವರ್ಷ ಮತ್ತೊಮ್ಮೆ. ಅನಂತರ ಬಾಲ್ಟಿಮೋರಿಗೆ ಬಂದು, 1889ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯಕ್ಕೆ ಹೊಸ ದಾರಿ ಹಾಕಿದ. ರಬ್ಬರಿನ ಕೈಚೀಲವನ್ನು ಶಸ್ತ್ರಚಿಕಿತ್ಸಾಲಯಕ್ಕೆ ತಂದವನು ಅವನೇ. ಕ್ರಿಮಿನಾಶಕದಿಂದ ಕೈ ಒಡೆಯುತ್ತಿದ್ದ ದಾದಿಯೊಬ್ಬಳಿಗಾಗಿ ಮಾಡಿಸಿದ, ಮುಂದೆ ಅವಳನ್ನೇ ಮದುವೆಯಾದ. ಆದರೆ ಒಂದು ಚಟದ ಜಾಗದಲ್ಲಿ ಇನ್ನೊಂದು ಕುಳಿತಿತ್ತು. ಅವನು ಪ್ರತಿದಿನ ಮಾರ್ಫಿನ್ ತೆಗೆದುಕೊಳ್ಳುತ್ತಿದ್ದುದು ಸಹೋದ್ಯೋಗಿ ವಿಲಿಯಂ ಆಸ್ಲರನಿಗೆ ತಿಳಿದಿತ್ತು. ಆಸ್ಲರ್ ಅದನ್ನು ಬರೆದು ಮುದ್ರೆಯೊತ್ತಿ ಇರಿಸಿದ. ಲೋಕಕ್ಕೆ ಗೊತ್ತಾದದ್ದು 1969ರಲ್ಲಿ. ಹಾಲ್‌ಸ್ಟೆಡ್ ತನ್ನ ಕೊನೆಗಾಲದ ಒಂದು ಪತ್ರದಲ್ಲಿ, ಹಾಲ್ ಮತ್ತು ಬೇರೆ ಇಬ್ಬರು ಸಹಾಯಕರು ಆ ಚಟದಿಂದ ಹೊರಬರದೆಯೇ ಸತ್ತರೆಂದು ನೆನೆದಿದ್ದಾನೆ. ಹಾಲನ ಹೆಸರಾದರೂ ಉಳಿಯಿತು. ಉಳಿದಿಬ್ಬರ ಹೆಸರನ್ನು ಅವನು ಬರೆಯಲಿಲ್ಲ.

ವೈದ್ಯಪದವಿ ಪಡೆದವರು ಆಸ್ಪತ್ರೆಯಲ್ಲೇ ವಾಸವಾಗಿದ್ದು, ಹಿರಿಯರ ಕಣ್ಣೆದುರಿನಲ್ಲಿ ಹಂತಹಂತವಾಗಿ ಹೊಣೆ ಹೊರುತ್ತ ಶಸ್ತ್ರವೈದ್ಯ ಕಲಿಯುವ ಇಂದಿನ ಪದ್ಧತಿಯನ್ನು ಅಮೆರಿಕದಲ್ಲಿ ಬಲವಾಗಿ ನೆಲೆಗೊಳಿಸಿದವನು ಇದೇ ಹಾಲ್‌ಸ್ಟೆಡ್. ಹಗಲಿರುಳಿನ ದುಡಿಮೆ, ರಜೆಯಿಲ್ಲದ ವರ್ಷಗಳು ಅದರ ನಿಯಮ. ದಣಿವನ್ನು ಸೀಸೆಯಿಂದ ನೀಗಿಕೊಂಡವನು ದಣಿವೇ ಗುರುವಾದ ಒಂದು ಶಿಕ್ಷಣಕ್ರಮವನ್ನು ಜಗತ್ತಿಗೆ ಬಿಟ್ಟುಹೋದ. 1922ರಲ್ಲಿ ಪಿತ್ತಕೋಶದ ಕಾಯಿಲೆ ಅವನಿಗೇ ಬಂದಾಗ, ಅವನಿಂದಲೇ ಕಲಿತು ಬೇರೆ ಊರಿನಲ್ಲಿದ್ದ ಇಬ್ಬರು ಶಿಷ್ಯರು ಬಂದು ಶಸ್ತ್ರಚಿಕಿತ್ಸೆ ಮಾಡಿದರು. ಅದಾದ ಮೇಲೆ ಅವನು ಉಳಿಯಲಿಲ್ಲ.

ಇಂಥ ಕಥೆಗಳನ್ನು ಕೇಳಿದವರು, ಅವು ಕೊಕೇನ್ ಮಾರ್ಫಿನ್‌ಗಳ ಕಥೆಗಳು, ನಮ್ಮ ಹುಡುಗರು ನುಂಗುವುದು ಜ್ವರದ ಮಾತ್ರೆ ಎನ್ನಬಹುದು. ನಿಜ. ನಮ್ಮ ದೇಶದ ಅನೇಕ ವೈದ್ಯಕೀಯ ಕಾಲೇಜುಗಳಲ್ಲಿ, ಕರ್ನಾಟಕದಲ್ಲಿಯೂ, ವಿದ್ಯಾರ್ಥಿಗಳನ್ನೇ ಕೇಳಿ ನಡೆಸಿದ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಾಣುವುದು ಜ್ವರ, ನೆಗಡಿ, ತಲೆನೋವು. ನೋವಿನ ಮಾತ್ರೆ, ಜ್ವರದ ಮಾತ್ರೆ. ಆದರೆ ಅವುಗಳ ಬೆನ್ನಿಗೇ ಆಂಟಿಬಯೋಟಿಕ್ಕುಗಳೂ ಇವೆ. ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್ 1945ರ ಡಿಸೆಂಬರಿನಲ್ಲಿ ನೊಬೆಲ್ ಉಪನ್ಯಾಸ ಕೊಡುವಾಗ, ಮುಂದೊಂದು ದಿನ ಈ ಔಷಧ ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಗುವಂತಾಗಿ, ತಿಳಿಯದವನೊಬ್ಬ ಸಾಲದಷ್ಟು ಪ್ರಮಾಣದಲ್ಲಿ ಸೇವಿಸಿ, ಮದ್ದಿಗೆ ಬಗ್ಗದ ರೋಗಾಣುಗಳನ್ನು ಬೆಳೆಸಿ, ತನ್ನ ಹೆಂಡತಿಗೇ ಅಂಟಿಸಿಬಿಡಬಹುದೆಂದು ಎಚ್ಚರಿಸಿದ. ದೂರದೃಷ್ಟಿಯ ಮಾತು. ಆದರೆ ಫ್ಲೆಮಿಂಗನ ಕಣ್ಣಿಗೆ ಕಂಡವನು ತಿಳಿಯದವನು. ತಿಳಿದೂ ಎರಡೇ ಮಾತ್ರೆಗೆ ನಿಲ್ಲಿಸುವವನು ಅವನ ಕಲ್ಪನೆಗೆ ಬರಲಿಲ್ಲ.

ನಮ್ಮಲ್ಲಿ ಕಾನೂನಿಲ್ಲವೇ ಎಂದರೆ, ಇದೆ. 1940ರ ಔಷಧ ಕಾಯಿದೆ, 1945ರ ನಿಯಮಗಳು. ಅವುಗಳ ಎಚ್ ಅನುಸೂಚಿಯಲ್ಲಿ ಸೇರಿದ ಔಷಧಗಳನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರಕೂಡದು. 2014ರ ಮಾರ್ಚ್ 1ರಿಂದ ಎಚ್ 1 ಎಂಬ ಇನ್ನೊಂದು ಅನುಸೂಚಿ ಜಾರಿಗೆ ಬಂದು, ಮೊದಲಿಗೆ 46 ಔಷಧಗಳ ಮಾರಾಟದಲ್ಲಿ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣ ಇವನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕೆಂದಾಯಿತು. ಆದರೆ ಅಂಗಡಿಯ ಮುಂದೆ ಕುತ್ತಿಗೆಯಲ್ಲಿ ಸ್ಟೆತಾಸ್ಕೋಪು ಇಳಿಬಿಟ್ಟುಕೊಂಡು ನಿಂತ ಹುಡುಗನನ್ನು ಚೀಟಿ ಎಲ್ಲಿ ಎಂದು ಕೇಳುವವರು ಯಾರು? ಅವನ ಬಿಳಿಯ ಕೋಟೇ ಚೀಟಿ.

ಹೋದ ವರ್ಷ ನಮ್ಮ ಮನೆಗೆ ಬಂದಿದ್ದ ಬಂಧುಗಳ ಹುಡುಗಿಯೊಬ್ಬಳು, ನರ್ಸಿಂಗ್ ಓದುತ್ತಿರುವವಳು, ಗಂಟಲುನೋವಿಗೆ ಅಜಿತ್ರೋಮೈಸಿನ್ ಪಟ್ಟಿಯಿಂದ ಎರಡು ಮಾತ್ರೆ ನುಂಗಿ, ನೋವು ಹೋಯಿತೆಂದು ಉಳಿದುದನ್ನು ಪರ್ಸಿನಲ್ಲಿ ಇಟ್ಟುಕೊಂಡಳು. ಯಾರು ಹೇಳಿದರಮ್ಮ ಎಂದರೆ, “ವಾರ್ಡಿನಲ್ಲಿ ದಿನಾ ನಾವೇ ಕೊಡುವುದಲ್ಲವಾ ದೊಡ್ಡಪ್ಪ” ಎಂದಳು. ಬೈಯಲು ಬಾಯಿ ತೆರೆದವನು ಅವಳ ಮುಂದಿನ ಮಾತಿಗೆ ಸುಮ್ಮನಾದೆ. ಒಂದು ದಿನ ರಜೆ ಹಾಕಿದರೆ ಹಾಜರಿ ಕೊರತೆ. ತಮ್ಮ ಆಸ್ಪತ್ರೆಯಲ್ಲೇ ತೋರಿಸಿದರೆ ಪಾಠ ಹೇಳುವವರೇ ಪರೀಕ್ಷಿಸುತ್ತಾರೆ, ಗೆಳತಿಯರೇ ಕಾಗದ ಬರೆಯುತ್ತಾರೆ. ನೆಗಡಿಯಾದರೆ ಸರಿ, ನಿದ್ರೆ ಬರುತ್ತಿಲ್ಲ, ಅಳು ಬರುತ್ತಿದೆ ಎಂದು ಅಲ್ಲಿ ಹೇಗೆ ಹೇಳುವುದು? ನೂರಾರು ಹಾಸಿಗೆಗಳ ಆಸ್ಪತ್ರೆಯೊಳಗೆ ವಾಸಿಸುತ್ತ ರೋಗಿಯಾಗಿ ಒಳಗೆ ಹೋಗಲು ಒಂದು ಬಾಗಿಲು ಇಲ್ಲದ ಸ್ಥಿತಿ ಅದು. ಹುಡುಗರ ಉಡಾಫೆಯನ್ನು ಹಳಿಯುವವರು ಈ ಬಾಗಿಲನ್ನೂ ಸ್ವಲ್ಪ ಹುಡುಕಬೇಕು. ಉಳಿದ ಮಾತ್ರೆಯನ್ನು ಅವಳು ಏನು ಮಾಡಿದಳೋ ನಾನು ಕೇಳಲಿಲ್ಲ. ಇನ್ನೊಬ್ಬ ಗೆಳತಿಯ ಗಂಟಲಿಗೆ ಹೋಗಿರಬಹುದು.

ವಠಾರದ ನನ್ನ ಗೆಳೆಯ ಒಂದು ವರ್ಷ ಕಳೆದುಕೊಂಡರೂ ವಿದ್ಯೆ ಮುಗಿಸಿ, ಒಂದು ತಾಲ್ಲೂಕು ಊರಿನಲ್ಲಿ ಬಹಳ ವರ್ಷ ವೈದ್ಯನಾಗಿ ದುಡಿದ. ಈಗಲೂ ಬೆಳಗಿನ ಹೊತ್ತು ಒಂದೆರಡು ಗಂಟೆ ಕುಳಿತುಕೊಳ್ಳುತ್ತಾನೆ. ಈ ಭಾಷಣ ಬರೆಯುವ ಮುನ್ನ ಅವನ ಅಪ್ಪಣೆ ಕೇಳಲು ಫೋನು ಮಾಡಿದೆ. ಅವನಿಗೆ ಆಗ ಮೂರು ದಿನದಿಂದ ಕೆಮ್ಮಿತ್ತು. ಪಕ್ಕದ ಬೀದಿಯಲ್ಲಿ ಹೊಸದಾಗಿ ಬಂದಿರುವ ಹೆಣ್ಣುಮಗಳೊಬ್ಬಳ ಕ್ಲಿನಿಕ್ಕಿನಲ್ಲಿ ಸರತಿಗಾಗಿ ಕುಳಿತಿದ್ದೇನೆ, ಹನ್ನೊಂದನೆಯ ನಂಬರು ಎಂದ. ಹೆಸರು ಮಾತ್ರ ಹೇಳಬೇಡ, ಉಳಿದದ್ದೆಲ್ಲ ಹೇಳು, ಕಬ್ಬಿಣದ ಟಾನಿಕ್ಕಿನ ಸಂಗತಿಯನ್ನಂತೂ ಬಿಡಲೇಬೇಡ ಎಂದ. ಬಿಡದೆ ಹೇಳಿದ್ದೇನೆ.